ಗಂಗಮ್ಮನ ಪುಸ್ತಕದ ಹರಿದ ಪುಟ

ಗಂಗಮ್ಮಕ್ಕ, ನಿಮ್ಮ ಪುಸ್ತಕದ ಆ ಪುಟ ಹರಿದವನು ನಾನು. ಮಳೆಗೆ ನೆನೆದು ಹೋಯಿತು, ಹೊಲಿಗೆ ಬಿಟ್ಟಿತು — ಹನ್ನೊಂದು ವರ್ಷ ಹೀಗೆಲ್ಲ ಹೇಳಿದ್ದೇನೆ. ಹರಿದದ್ದು ನನ್ನ ಕೈ.

ಕಡ್ಡಿರಾಂಪುರದ ನಿಮ್ಮ ಬಾಳೆ ತೋಟದಲ್ಲಿ ಗಾಳಿ ಅಳೆಯುವ ಕಂಬ ನೆಟ್ಟಾಗ ನಾನಿನ್ನೂ ಸಂಶೋಧನಾ ವಿದ್ಯಾರ್ಥಿ. ನನ್ನ ವಿಷಯ ನಮ್ಮ ಸೀಮೆಯದೇ ಅಲ್ಲ — ದೂರದ ಸಮಶೀತೋಷ್ಣ ನಾಡುಗಳ ಬಿರುಗಾಳಿ. ದೇಶದಗಲ ಹರಡಿ ಸುತ್ತುವ ಅಂಥ ಗಾಳಿಯಲ್ಲಿ ನೆಲಕ್ಕೆ ತಾಗಿದ ಪದರವು ಮರ, ಮನೆ, ಬಂಡೆಗಳಿಗೆ ಉಜ್ಜಿ ನಿಧಾನವಾಗುತ್ತದೆ. ನಿಧಾನವಾದದ್ದು ಸುಳಿಯ ನಡುವಿಗೆ ವಾಲಿ, ಅಲ್ಲಿ ಕೂಡಿಕೊಂಡು ಮೇಲೇರುತ್ತ, ಇಡೀ ಸುಳಿಯ ಬಲವನ್ನು ಮೆಲ್ಲಗೆ ಕುಂದಿಸುತ್ತದೆ. ನೆಲ ಎಷ್ಟು ಒರಟೆಂದು ತಿಳಿಯದೆ ಬಿರುಗಾಳಿ ಎಷ್ಟು ಬೆಳೆದೀತೆಂದು ಹೇಳಲಾಗದು. ಆ ಒರಟುತನದ ನನ್ನ ಸೂತ್ರವನ್ನು ಯಾವುದಾದರೂ ನಿಜವಾದ ನೆಲದ ಮೇಲೆ ಪರೀಕ್ಷಿಸಬೇಕಿತ್ತು. ನಾನು ಹೊಸಪೇಟೆಯವನು, ಹತ್ತಿರ ಸಿಕ್ಕ ನೆಲ ನಿಮ್ಮದು.

ನೀವು ನಕ್ಕಿರಿ. "ಯಾವ್ದೋ ದೇಶದ ಬಿರುಗಾಳಿಗೆ ನಮ್ಮ ಬಾಳಿ ಗಿಡ ಸಾಕ್ಷಿ ಹೇಳ್ಬೇಕೇನ್ರಿ ಸರ?"

ಆದರೂ ನಾನು ಕೊಟ್ಟ ಪುಸ್ತಕದಲ್ಲಿ ದಿನಕ್ಕೆರಡು ಸಲ ಬರೆದಿಟ್ಟಿರಿ — ಕಂಬದ ತುದಿಯ ಗಾಳಿ ಎಷ್ಟು, ಎಲೆಗಳ ಮಟ್ಟದ ಗಾಳಿ ಎಷ್ಟು. ಊರಿನ ಹೆಂಗಸರ ಅರ್ಜಿಗಳನ್ನೆಲ್ಲ ಬರೆದುಕೊಡುತ್ತಿದ್ದ ದುಂಡನೆಯ ಅಕ್ಷರ. ಒಂದು ದಿನವೂ ತಪ್ಪಿದ್ದಿಲ್ಲ.

ಆಮೇಲೆ ಕಂಪ್ಲಿಯಲ್ಲಿ ನನ್ನ ಮದುವೆ. ಊಟಕ್ಕೆ ಎಲೆ ನಿಮ್ಮನ್ನೇ ಕೇಳಿದೆ. "ಕೊಳ್ಳೋ ಮಾತು ಬ್ಯಾಡ್ರಿ, ಮುಯ್ಯಿ ಅಂತ ತಿಳಕೊಳ್ರಿ" ಎಂದಿರಿ. ಹರಿಯದ, ಅಗಲವಾದ ಎಲೆಯೇ ಬೇಕೆಂದು ನಾನು ಸೇರಿಸಿದೆ — ಅದು ಮಾತ್ರ ಚೆನ್ನಾಗಿ ನೆನಪಿದೆ.

ಮದುವೆ ಮುಗಿಸಿ ಬಂದು ಪುಸ್ತಕ ತೆರೆದರೆ ಎಲೆಮಟ್ಟದ ಗಾಳಿ ಒಮ್ಮೆಲೇ ಏರಿತ್ತು. ನನ್ನ ಸೂತ್ರದಲ್ಲಿ ತೋಟದ ಒರಟುತನ ಬದಲಾಗುವಂತಿರಲಿಲ್ಲ. ಈ ಅಂಕಿ ನಿಜವಾದರೆ ಲೆಕ್ಕ ಹಾಕಿ ಮುಗಿಸಿದ ಬಿರುಗಾಳಿಗಳನ್ನೆಲ್ಲ ಮತ್ತೆ ಮೊದಲಿನಿಂದ ಲೆಕ್ಕ ಹಾಕಬೇಕಿತ್ತು — ಪ್ರಬಂಧ ಒಪ್ಪಿಸಲು ಉಳಿದದ್ದು ಒಂದು ತಿಂಗಳು.

ನಿಮ್ಮೂರಿನ ರಸ್ತೆ ಬದಿಯ ಚಹಾ ಹೋಟೆಲಿನಲ್ಲಿ ನೀವು ಸಿಕ್ಕಿರಿ. ಬಸ್ಸಿಗೆ ಕಾಯುವ ಜನ ತುಂಬಿದ್ದರು. ಪುಸ್ತಕ ಎತ್ತಿ ಹಿಡಿದು ಹೇಳಿದೆ: "ಗಂಗಮ್ಮಕ್ಕ, ಮನ್ಯಾಗ ಕುಂತು ಅಂಕಿ ಹುಟ್ಟಿಸಬ್ಯಾಡ್ರಿ."

ನೀವು ಕೂಗಾಡಲಿಲ್ಲ. "ನಾ ಬರದದ್ದು ಪೂರಾ ಓದೀರೇನ್ರಿ?"

"ಓದೀನಿ."

ಪುಟದ ಅಂಚಿನಲ್ಲಿ ನಿಮ್ಮ ಅಕ್ಷರ ಹೀಗಿದೆ: 'ಸರ್ ಮದುವಿಗೆ ಕಂಬದ ಸುತ್ತಿನ ಗಿಡದ ಎಲಿ ಕೊಯ್ದೈತಿ.' ರಸ್ತೆಗೆ ಹತ್ತಿರವೆಂದು ನಾನು ಕಂಬ ನೆಟ್ಟ ಜಾಗ. ಗಾಡಿಗೆ ಹತ್ತಿರವೆಂದು ನೀವು ಎಲೆ ಕೊಯ್ದ ಜಾಗವೂ ಅದೇ. ತಡೆಯುವ ಎಲೆಯಿಲ್ಲದೆ ಗಾಳಿ ಬೀಸಿತ್ತು. ಆ ಎಲೆಯ ಮೇಲೆ ನಾವು ಉಂಡು ಎದ್ದಿದ್ದೆವು.

ಈ ಸಾಲನ್ನು ಓದಿದ್ದು ಯಾವಾಗ? ಅದೇ ಸಂಜೆ, ಮನೆಗೆ ಹೋದ ಮೇಲೆ — ನೆನಪು ಹಾಗೆ ಹೇಳುತ್ತದೆ. ಕುರ್ಚಿಯ ಮೇಲೆ ಕುಸಿದು ಕೂತೆನಂತೆ. ನನಗೆ ಇಷ್ಟು ಒಪ್ಪುವ ನೆನಪನ್ನು ನಾನು ನಂಬಲಾರೆ. ಹೋಟೆಲಿಗೆ ಬರುವ ಮುನ್ನವೇ ಕಣ್ಣು ಆ ಅಂಚಿನ ಮೇಲೆ ಹಾದುಹೋಗಿತ್ತೇನೋ — ಗೊತ್ತಿಲ್ಲ. ಮೊದಲೇ ಓದಿದ್ದರೆ ನಾನು ಕ್ರೂರಿ. ಓದಿರದಿದ್ದರೆ 'ಓದೀನಿ' ಎಂದ ಸುಳ್ಳುಗಾರ. ಈ ಇಬ್ಬರನ್ನು ಬಿಟ್ಟು ನಾನು ಮೂರನೆಯವನಾಗಿರಲು ಸಾಧ್ಯವಿಲ್ಲ. ಪುಟ ಹರಿದೆ. ನಿಮ್ಮ ಅಂಕಿಗಳನ್ನು 'ದಾಖಲಿಸಿದವರ ತಪ್ಪು' ಎಂದು ಬದಿಗಿಟ್ಟೆ. ಪದವಿ ಬಂತು.

ಹೋದ ವಾರ ಹಂಪಿಗೆ ಹೋಗುವಾಗ ಅದೇ ಹೋಟೆಲಿನಲ್ಲಿ ಇಳಿದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದವನೊಬ್ಬ, ನಿನ್ನೆ ಯಾಕೆ ಬರಲಿಲ್ಲವೆಂದು ಗೆಳೆಯನಿಗೆ ಕಾರಣ ಕೊಡುತ್ತಿದ್ದ. ಗೆಳೆಯ ನಕ್ಕ: "ಸಾಕ್ ಬಿಡಲೇ, ಇದನ್ನ ಗಂಗಮ್ಮನ ಪುಸ್ತಕದಾಗ ಬರಸು!"

ಸುತ್ತಲಿನವರೂ ನಕ್ಕರು. ಹೋಟೆಲಿನವರನ್ನು ಕೇಳಿದೆ. ಸುಳ್ಳಿಗೆ ಇಲ್ಲಿ ಹಾಗೇ ಹೇಳುತ್ತಾರೆ ಎಂದರು. ಆ ಹೆಂಗಸಿನ ಕೈಯಲ್ಲಿ ಈಗ ಯಾರೂ ಅರ್ಜಿ ಬರೆಸುವುದಿಲ್ಲವೆಂದೂ.

ಚಹಾ ಪೂರ್ತಿ ಕುಡಿದೆ. ಎದ್ದು ಬಂದೆ. ಅದನ್ನೂ ನನ್ನ ತಪ್ಪಿನಲ್ಲೇ ಸೇರಿಸಿಕೊಳ್ಳಿ.

ಪುಟ ಹಾಳಾಗಿಲ್ಲ. ನಮ್ಮ ಮದುವೆಯ ಆಲ್ಬಮ್ಮಿನ ಹಿಂದಿನ ಜೇಬಿನಲ್ಲಿದೆ — ಯಾಕೆ ಸುಡಲಿಲ್ಲವೋ, ಒಳ್ಳೆಯತನ ಎಂದು ಹೇಳಿಕೊಳ್ಳುವುದಿಲ್ಲ. ಅಂಕಿ ಸರಿ ಇತ್ತು, ತಪ್ಪು ನನ್ನದು ಎಂದು ವಿಶ್ವವಿದ್ಯಾಲಯಕ್ಕೆ ಇವತ್ತು ಬರೆದು ಕಳಿಸಿದೆ. ಪದವಿ ಇಟ್ಟುಕೊಳ್ಳಲಿ, ಕಿತ್ತುಕೊಳ್ಳಲಿ.

ನಾಳೆ ಬೆಳಿಗ್ಗೆ ಬಸ್ಸಿಗೆ ಜನ ಕಾಯುವ ಹೊತ್ತಿಗೆ ಆ ಹೋಟೆಲಿಗೆ ಬರುತ್ತೇನೆ. ನೀವು ಬರಬೇಕಿಲ್ಲ, ಕ್ಷಮಿಸಬೇಕಿಲ್ಲ. ಎಲ್ಲರಿಗೂ ಕೇಳುವಂತೆ ನಿಂತು ಆ ಪುಟವನ್ನು ಓದುತ್ತೇನೆ. ಅಂಕಿ, ತಾರೀಕು, ಅಂಚಿನ ಸಾಲು — ಪೂರಾ.