ತೋಳು ಒಣಗುವವರೆಗೆ

ಎದುರುಮನೆ ಅಜ್ಜಿಯ ಎಡತೋಳಿನಲ್ಲಿ, ಮೊಣಕೈಯಿಂದ ಮೇಲಕ್ಕೆ, ಸದಾ ಗೀರುಗಳಿರುತ್ತಿದ್ದವು. ಪೊರಕೆ ಕಡ್ಡಿಯಿಂದ ಮಕ್ಕಳು ಗೀರಿದ ಗುರುತು ಅವು. ಒಂದು ಮಾಯುವಷ್ಟರಲ್ಲಿ ಇನ್ನೊಂದು. ಮುಖದ ತುಂಬ ಸಿಡುಬಿನ ಕುಳಿ, ಬಲಗಣ್ಣಿನ ಪಾಪೆಯ ಮೇಲೆ ಬಿಳಿ ಹೂವು. ಭದ್ರಾವತಿಯ ಕಾರ್ಖಾನೆ ಕೆಲಸಗಾರರ ಸಾಲುಮನೆಗಳ ಲೈನಿಗೆ ಹೊಸದಾಗಿ ಸಂಸಾರ ಹೂಡಲು ಬಂದ ನನಗೆ ಮೊದಲ ದಿನ ಆ ಮುಖ ನೋಡಿ ಹೆದರಿಕೆಯೇ ಆಗಿತ್ತು. ಅದು ಅವರಿಗೂ ತಿಳಿಯಿತು. "ರೂಢಿ ಆಗುತ್ತೆ ಬಿಡು ಮಾರಾಯ್ತಿ" ಎಂದು ಅಂಗಳ ಗುಡಿಸಲು ಹೋದರು.

ಅಜ್ಜಿ ಎಂದು ಕರೆದರೂ ವಯಸ್ಸು ಅಂಥದ್ದೇನೂ ಆಗಿರಲಿಲ್ಲ. ಗಂಡ ತೀರಿಹೋಗಿ, ಕುಲುಮೆ ಕೆಲಸದಲ್ಲಿದ್ದ ತಮ್ಮನ ಮನೆಯಲ್ಲಿದ್ದರು. ದಣಿವು ಆ ಮೈಯಲ್ಲೇ ಬಿಡಾರ ಹೂಡಿತ್ತು. ಕೂತರೆ ಅಮ್ಮಾ, ಎದ್ದರೆ ಅಪ್ಪಾ. ಹಾಗಿದ್ದೂ ಲೈನಿನ ಯಾವ ಮಗುವಿಗೆ ದಾಕು ಹಾಕಿಸಬೇಕಾದರೂ ಅವರೇ ಬೇಕು. ಸಿಡುಬು ಬಾರದಂತೆ ತೋಳಿನಲ್ಲಿ ಗೀರಿ ಮದ್ದು ಹಚ್ಚುವುದಕ್ಕೆ ನಾವು ದಾಕು ಎನ್ನುತ್ತಿದ್ದೆವು. ದಾಕಿನವರು ಬರುತ್ತಾರೆಂದು ಸುದ್ದಿಯಾದರೆ ಸಾಕು, ತಮಿಳರ ಮನೆಯವರು, ತೆಲುಗರ ಮನೆಯವರು, ನಮ್ಮಂಥವರು, ಎಲ್ಲ ಮಕ್ಕಳನ್ನು ಎತ್ತಿಕೊಂಡು ಅವರ ಜಗಲಿಗೆ ಹಾಜರು. ಅಜ್ಜಿ ಮುಖ ಗಂಟಿಕ್ಕಿಕೊಂಡು, "ಎಲ್ಲಾ ನನ್ನ ತಲೆಗೇ ಕಟ್ಟಿ. ನೀವು ಹಡೀರಿ, ನಾನು ಹಿಡ್ಕೋತೀನಿ" ಎಂದು ಗೊಣಗುತ್ತಲೇ ಕೈ ಚಾಚುತ್ತಿದ್ದರು.

ಸಿದ್ಧತೆ ಹಿಂದಿನ ದಿನವೇ ಶುರುವಾಗುತ್ತಿತ್ತು. ಮಗು ಕೆರೆದುಕೊಳ್ಳದಂತೆ ಉಗುರು ಕತ್ತರಿಸಬೇಕು. ಹಳೇ ಪಂಚೆ ಹರಿದು ತೋಳಿಲ್ಲದ ಅಂಗಿ ಹೊಲಿಯಬೇಕು. ಬೆಳಿಗ್ಗೆ ಬೇಗ ಮೀಯಿಸಿ, ತೋಳಿಗೆ ಎಣ್ಣೆ ಸೋಕಿಸದೆ, ಹೊಟ್ಟೆ ತುಂಬ ಉಣ್ಣಿಸಿ ಕರೆತರಬೇಕು. ಮಾತು ತಿಳಿಯುವ ಮಗುವಿಗೆ ತಾಯಿ, ಏನೂ ಆಗುವುದಿಲ್ಲ, ಇರುವೆ ಕಚ್ಚಿದ ಹಾಗೆ ಅಷ್ಟೇ ಎಂದರೆ ಅಜ್ಜಿಗೆ ಕೋಪ ಬರುತ್ತಿತ್ತು. ಇವತ್ತು ಸುಳ್ಳು ಹೇಳಿದರೆ ನಾಳೆ ಕಷಾಯ ಕುಡಿಸುವಾಗಲೂ ಅದು ನಿಮ್ಮನ್ನು ನಂಬುವುದಿಲ್ಲ ಎಂದು ಬೈಯುತ್ತಿದ್ದರು. ಮಗುವನ್ನು ಎದುರಿಗೆ ಕೂರಿಸಿಕೊಂಡು, "ನೋಯುತ್ತೆ. ಉರಿಯುತ್ತೆ. ಆಮೇಲೆ ಹೋಗುತ್ತೆ. ಮೊದ್ಲು ನಂಗೆ ಹಾಕು, ನೋಡಾಣ" ಎಂದು ಹೊಸ ಪೊರಕೆಯ ಕಡ್ಡಿ ಕೊಟ್ಟು ತೋಳು ಒಡ್ಡುತ್ತಿದ್ದರು. ಕೆಲವು ಪುಂಡ ಹುಡುಗರು ಚರ್ಮ ಕಿತ್ತುಬರುವ ಹಾಗೆ ಗೀರುತ್ತಿದ್ದರು. ಅಜ್ಜಿ ಹಲ್ಲು ಕಚ್ಚಿಕೊಂಡು, ಭೇಷ್ ಡಾಕ್ಟರೇ ಎನ್ನುತ್ತಿದ್ದರು.

ದಾಕು ಹಾಕಿ ಮುಗಿದರೂ ಮಗು ತಾಯಿಯ ಕೈಗೆ ಸಿಗುತ್ತಿರಲಿಲ್ಲ. ತೋಳು ಪೂರ್ತಿ ಒಣಗುವವರೆಗೆ ಅಜ್ಜಿ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಜಗಲಿಯಲ್ಲೇ ಕೂರುತ್ತಿದ್ದರು. ಮಗು ಕಿರುಚಲಿ, ಸೀರೆ ಒದ್ದೆಯಾಗಲಿ, ಊಟದ ಹೊತ್ತು ಮೀರಲಿ, ಕದಲುತ್ತಿರಲಿಲ್ಲ. ಯಾವಳಾದರೂ ಒರೆಸಲು ಸೆರಗು ಚಾಚಿದರೆ ಕೈಮೇಲೆ ಫಟ್ಟನೆ ಒಂದು ಬೀಳುತ್ತಿತ್ತು. "ನೀರು ಸೋಕಿಸಬೇಡ. ಒಣಗ್ಲಿ." ವಾರದ ಮೇಲೆ ಮನೆಮನೆಗೆ ಹೋಗಿ ತೋಳು ನೋಡುವುದು ಇನ್ನೊಂದು ಕೆಲಸ. ಗುಳ್ಳೆಯೆದ್ದು ಕೀವು ತುಂಬಿ ಮಗು ಜ್ವರದಲ್ಲಿ ನರಳುತ್ತಿದ್ದರೆ ತಾಯಿಯ ಕಣ್ಣಲ್ಲಿ ನೀರು, ಅಜ್ಜಿಯ ಮುಖದಲ್ಲಿ ನಗು. ಇದೆಂಥ ಕಲ್ಲೆದೆಯೋ ಅಂದುಕೊಂಡಿದ್ದೆ.

ನನ್ನ ಮಗಳಿಗೆ ಮೊದಲು ದಾಕು ಹಾಕಿಸಿದ್ದು ತವರಿನಲ್ಲಿ, ಹೊಳೆಹೊನ್ನೂರಿನಲ್ಲಿ. ಭದ್ರಾವತಿಗೆ ಮರಳಿದಾಗ ತೋಳಿನಲ್ಲಿ ಗುಳ್ಳೆಯಿರಲಿ, ಒಂದಿಷ್ಟು ಕೆಂಪು ಸಹ ಇರಲಿಲ್ಲ. ಹೆಣ್ಣುಮಗು, ಸದ್ಯ ಕಲೆ ಬೀಳಲಿಲ್ಲ ಎಂದು ನನ್ನ ಅತ್ತೆಗೂ ನನಗೂ ಸಮಾಧಾನ. ಅಜ್ಜಿ ಮಾತ್ರ ತೋಳನ್ನು ತಿರುಗಿಸಿ ತಿರುಗಿಸಿ ನೋಡಿ, ಗುಳ್ಳೆ ಏಳದಿದ್ದರೆ ಮದ್ದು ಹತ್ತಿಲ್ಲ ಅಂತಲೇ, ಮತ್ತೆ ಹಾಕಿಸು ಎಂದರು. ಅತ್ತೆ ಸುತರಾಂ ಒಪ್ಪಲಿಲ್ಲ. ಸಿಡುಬೆಂದರೆ ನಮಗೆ ಅಮ್ಮ, ದೇವಿ. ಅಮ್ಮನೇ ಬೇಡವೆಂದು ಬಿಟ್ಟಿದ್ದಾಳೆ, ಮತ್ತೆ ಕೆಣಕಿದರೆ ಮುನಿಯುತ್ತಾಳೆ ಎಂದರು. ಆ ಬೇಸಿಗೆಯಲ್ಲಿ ಭದ್ರಾವತಿಯ ಹಳೇ ಊರಿನ ಕಡೆ ಸಿಡುಬು ಕಾಣಿಸಿಕೊಂಡಿತ್ತು. ಬಾಗಿಲುಗಳಿಗೆ ಬೇವಿನ ಸೊಪ್ಪು ಕಟ್ಟಿದ್ದಾರೆಂದು ಹಾಲಿನವಳು ದಿನಾ ಹೇಳುತ್ತಿದ್ದಳು. ನಾನು ದಿನಕ್ಕೆ ಹತ್ತು ಸಲ ಮಗಳ ಮೈ ಮುಟ್ಟಿ ನೋಡುತ್ತಿದ್ದೆ. ಅತ್ತೆಯ ಮಾತು ಮೀರುವಷ್ಟು ಎದೆ ಮಾತ್ರ ಇರಲಿಲ್ಲ.

ಒಂದು ಮಧ್ಯಾಹ್ನ ಅಜ್ಜಿ ಬಂದು ನಮ್ಮ ಅಡುಗೆಮನೆಯ ಹೊಸಿಲ ಬಳಿ ಕುಳಿತರು. ತನಗೂ ಒಬ್ಬಳು ಮಗಳಿದ್ದಳು ಎಂದು ಅತ್ತೆಗೆ ಹೇಳಿದರು. ನಮಗಾರಿಗೂ ಅದು ಗೊತ್ತಿರಲಿಲ್ಲ. ಅವರ ಊರಿಗೆ ದಾಕಿನವರು ಬಂದಾಗ ಹಠ ಹಿಡಿದು ಅವಳಿಗೆ ಹಾಕಿಸಿದ್ದೂ ಅಜ್ಜಿಯೇ. ಆದರೆ ಊರ ಮಕ್ಕಳನ್ನೆಲ್ಲ ಮುಟ್ಟಿದ ಕೈ, ಮುಟ್ಟಿದ ಸೂಜಿ. ಮೈಲಿಗೆಯಾದ ಮಗುವನ್ನು ಹಾಗೇ ಒಳಗೆ ತರುವಂತಿಲ್ಲ. ಹಿತ್ತಿಲಲ್ಲೇ ನಿಲ್ಲಿಸಿ, ಸೀಗೆಪುಡಿ ತಿಕ್ಕಿ, ಬೇವಿನ ನೀರು ಹೊಯ್ದು ಮಡಿ ಮಾಡಿಯೇ ಅಜ್ಜಿ ಒಳಗೆ ಕರೆದುಕೊಂಡರು. ಹಸಿಯಾಗಿದ್ದ ಮದ್ದು ಬಚ್ಚಲಿಗೆ ಹೋಯಿತು.

"ಗುಳ್ಳೆ ಏಳ್ಲಿಲ್ಲ. ಕಲೆ ಬೀಳ್ಲಿಲ್ಲ ಅಂತ ನಾನು ಅಮ್ಮನ ಗುಡೀಲಿ ತುಪ್ಪದ ದೀಪ ಹಚ್ಚಿ ಬಂದೆ" ಎಂದರು. ಸೀರೆಯ ಅಂಚನ್ನು ನೇವರಿಸುತ್ತಾ, "ಮುಂದಿನ ಬೇಸಿಗೇಲಿ ಮಗು ಹೋಯ್ತು. ನಾನು ಉಳ್ದೆ, ಈ ಮುಖ ಹೊತ್ಕೊಂಡು" ಎಂದರು. ಅತ್ತರೇನೋ ಎಂದು ನೋಡಿದೆ, ಇಲ್ಲ. ಅತ್ತು ಅತ್ತು ಬಹಳ ಹಿಂದೆಯೇ ಬೇಸತ್ತಿದ್ದಿರಬೇಕು.

ಅತ್ತೆ ಒಲೆಯ ಮೇಲಿನ ಪಾತ್ರೆ ಇಳಿಸಿದರು. ಆಮೇಲೆ ಮಗುವಿನ ಉಗುರು ಕತ್ತರಿಸಲು ಕತ್ತರಿ ಹುಡುಕತೊಡಗಿದರು.

ದಾಕಿನವರು ಬರುವವರೆಗೆ ಕಾಯದೆ ಮಾರನೇ ದಿನವೇ ರೈಲಿನಲ್ಲಿ ಶಿವಮೊಗ್ಗದ ಆಸ್ಪತ್ರೆಗೆ ಹೋದೆವು. ಉದ್ದದ ಸಾಲು, ಸುಡುವ ಬಿಸಿಲು. ಅಜ್ಜಿ ಸೊಂಟ ಹಿಡಿದುಕೊಂಡು, ಸಾಕಪ್ಪಾ ಸಾಕು ಈ ಜನ್ಮ ಎನ್ನುತ್ತಾ ನನ್ನ ಜೊತೆ ನಿಂತರು. ದಾಕು ಹಾಕಿದ ಮೇಲೆ ಆಸ್ಪತ್ರೆಯ ಮರದಡಿ ತೋಳು ಒಣಗಿಸುತ್ತಾ ಕೂತು ನಮ್ಮ ರೈಲೂ ತಪ್ಪಿತು. ವಾರದ ಮೇಲೆ ಬಂದು ತೋಳು ನೋಡಿದಾಗ ಗುಳ್ಳೆ ಎದ್ದಿತ್ತು. ಕೀವು ಕಂಡು ಹಿಗ್ಗಿದ ತಾಯಿ ಆವತ್ತು ನಾನೂ ಆದೆ. ಆ ಬೇಸಿಗೆ ನಮ್ಮ ಹಿಂಬದಿಯ ಲೈನಿನಲ್ಲಿ ಸಿಡುಬಿಗೆ ಮಕ್ಕಳು ಹೋದವು. ನನ್ನವಳು ಉಳಿದಳು. ಇದನ್ನು ಎಷ್ಟು ಹೇಳಿದರೂ ಆ ಋಣ ತೀರುವಂಥದ್ದಲ್ಲ.

ಮಗಳು ಬೆಳೆದು ಶಾಲೆಗೆ ಹೋಗುವ ಹೊತ್ತಿಗೆ ಅವಳಿಗೊಬ್ಬ ತಮ್ಮ ಹುಟ್ಟಿದ. ಅವನಿಗೆ ದಾಕು ಹಾಕಿಸುವ ದಿನ ಧೈರ್ಯ ತುಂಬುವವಳು ತಾನೇ ಎಂದು, ಅವನಿಗೆ ತೋರಿಸಲು ಪೊರಕೆ ಕಡ್ಡಿಯಿಂದ ಅಜ್ಜಿಯ ತೋಳಿನಲ್ಲಿ ಗೀರಿದಳು. ಆ ಗೀರು ಮಾಯುವ ಮುಂಚೆಯೇ ಅಜ್ಜಿ ಮಲಗಿದರು. ಸಿಡುಬಲ್ಲ, ಏನಲ್ಲ, ಸಾಧಾರಣ ಜ್ವರ. ನೋಡಲು ಹೋದರೆ, ಹುಡುಗನ ತೋಳು ಎದ್ದಿದೆಯಾ ಎಂದು ಕೇಳಿದರು. ಎದ್ದಿದೆ ಎಂದೆ. ಹಾಗಾದರೆ ಸರಿ, ಇನ್ನು ನಿದ್ದೆ ಮಾಡ್ತೀನಿ ಎಂದು ಮಗ್ಗುಲಾದರು. ಬೆಳಿಗ್ಗೆ ಅವರ ತಮ್ಮ ಬಂದು ಬಾಗಿಲು ತಟ್ಟಿದರು.

ಹೆಣಕ್ಕೆ ನೀರು ಹಾಕಲು ಹೆಂಗಸರೆಲ್ಲ ಸೇರಿದೆವು. ನಾನು ಚೊಂಬು ಎತ್ತಿದಾಗ ಮಗಳು ಎಲ್ಲಿಂದಲೋ ನುಗ್ಗಿ ಬಂದು ನನ್ನ ಕೈ ಹಿಡಿದುಕೊಂಡಳು.

"ಅಜ್ಜಿಗೆ ನೀರು ಹಾಕಬೇಡಮ್ಮ. ಇನ್ನೂ ಒಣಗಿಲ್ಲ."

ಅವಳು ಗೀರಿದ್ದು ಕೆಂಪಗೆ ಹಾಗೇ ಇತ್ತು. ಹೋದವರಿಗೆ ನೀರು ಹಾಕದೆ ಕಳಿಸುವುದುಂಟೇ? ಹಾಕಿದೆ, ಎಡತೋಳೊಂದನ್ನು ಬಿಟ್ಟು. ಅತ್ತೆ ಅದನ್ನು ನೋಡಿ, ನೀರು ಬೀಳದ ಆ ತೋಳು ಯಾರಿಗೂ ಕಾಣದಂತೆ ಅದರ ಮೇಲೆ ಸೀರೆ ಎಳೆದರು.