ಇಂದಿರಮ್ಮನ ಛೀ

ಇಂದಿರಮ್ಮ ಘಾಜಿಯಾಬಾದಿಗೆ ಬಂದು ಇಪ್ಪತ್ತಾರು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಆ ಊರಿನ ಒಂದು ವಸ್ತುವಿಗಾದರೂ ಅವರು ಮೂಗು ಮುರಿಯದೆ ಬಿಟ್ಟಿದ್ದರೆ ಕೇಳಿ. ಮೆಟ್ಟಿಲ ಮೂಲೆಯ ಗುಟ್ಕಾ ಉಗುಳು, ಮನೆ ಮುಂದಿನ ಕಪ್ಪು ಚರಂಡಿ, ನೊಣ ಓಡಿಸಿದ ಕೈಯಲ್ಲೇ ಜಿಲೇಬಿ ಕಟ್ಟಿಕೊಡುವ ಭಯ್ಯಾ, ಎಲ್ಲದಕ್ಕೂ ಛೀ. ಗಂಡ ಇಂದುಶೇಖರ ಓಖ್ಲಾದ ಅಚ್ಚುಕೂಟದಿಂದ ಮನೆಗೆ ಬಂದರೆ ಉಗುರಿನ ಸಂದಿಯ ಶಾಯಿ ಹೋಗುವವರೆಗೆ ಹಿತ್ತಲ ನಲ್ಲಿಯ ಹತ್ತಿರವೇ ನಿಲ್ಲಬೇಕಿತ್ತು. ನಿವೃತ್ತಿಯಾದ ಮೇಲೂ ಆ ಪುಣ್ಯಾತ್ಮ ಊಟಕ್ಕೆ ಕೂರುವ ಮುನ್ನ ಹತ್ತು ಬೆರಳನ್ನೂ ಹೆಂಡತಿಗೆ ತೋರಿಸುತ್ತಿದ್ದರು.

ಇಂಥವರ ಕೈಗೆ 2006ರ ಮಳೆಗಾಲದಲ್ಲಿ ಒಂದು ಮಗು ಬಂತು. ಮೇಲಿನ ಮನೆಯ ಸಿಂಚನಾ, ಕಾರ್ತಿಕ್ ದಂಪತಿಯ ಮಗಳು ಅದಿತಿ, ಐದು ವರ್ಷ. ತಾಯಿಗೆ ದೆಹಲಿಯಲ್ಲಿ ಕಂಪ್ಯೂಟರ್ ಕೆಲಸ, ತಂದೆಗೆ ಮಾನೇಸರಿನ ಕಾರ್ಖಾನೆ. ಶಾಲೆ ಬಿಟ್ಟ ಮೇಲೆ ಸಂಜೆಯವರೆಗೂ ಹುಡುಗಿ ಇಂದಿರಮ್ಮನ ಮನೆಯಲ್ಲೇ. ಒಂದು ದಿನ ಸಿಂಚನಾ ಶಾಲೆಯ ಚೀಟಿ ಹಿಡಿದುಕೊಂಡು ಇಳಿದು ಬಂದಳು.

"ಆಂಟಿ, ದಿನಾ ಒಂದು ಗಂಟೆ ಇವಳನ್ನ ಹಿತ್ತಲಲ್ಲಿ ಬಿಡ್ಬೇಕಂತೆ. ಮಣ್ಣು, ಎಲೆ, ಹುಳ, ಏನ್ ಸಿಕ್ರೂ ಮುಟ್ಟಿ ನೋಡ್ಲಿ ಅಂದಿದಾರೆ ಮೇಡಂ. ನಮಗೆಲ್ಲಿದೆ ಹಿತ್ತಲು? ನಿಮ್ದೇ ಗತಿ."

"ಹುಳ ಮುಟ್ಟೋದು ಕಲಿಯೋಕೆ ಸ್ಕೂಲಿಗೆ ಬೇರೆ ಕಳಿಸ್ತೀರಾ?" ಎಂದರು ಇಂದಿರಮ್ಮ. ಸಿಂಚನಾ ನಕ್ಕಳು. ಇಂದಿರಮ್ಮ ನಗಲಿಲ್ಲ.

ಹಿತ್ತಲೆಂದರೆ ಎರಡು ಮಂಚ ಹಾಕುವಷ್ಟು ಜಾಗ. ಒಂದು ನಲ್ಲಿ, ಬಟ್ಟೆ ಒಣಹಾಕುವ ತಂತಿ, ಗೋಡೆಯ ಪಕ್ಕ ಒಂದು ಕರಿಬೇವಿನ ಗಿಡ. ಊರಿನಿಂದ ರೈಲಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದದ್ದು. ಆ ಮಣ್ಣಿನಲ್ಲಿ ಇಂದಿರಮ್ಮ ಪ್ರೀತಿಯಿಂದ ಮುಟ್ಟುತ್ತಿದ್ದ ಜೀವ ಅದೊಂದೇ. ಅದಿತಿಗೆ ಮಾತ್ರ ಅಲ್ಲಿರುವುದೆಲ್ಲ ಬೇಕು. ಎರೆಹುಳುವನ್ನು ಅಂಗೈ ಮೇಲೆ ಮಲಗಿಸಿದಳು, ಬಸವನಹುಳುವಿನ ಲೋಳೆಯನ್ನು ಬೆರಳಲ್ಲಿ ಎಳೆದಳು, ಇರುವೆಯೊಂದನ್ನು ನಾಲಿಗೆಯ ಮೇಲೂ ಇಟ್ಟುಕೊಂಡಳು. ಕಿಟಕಿಯಲ್ಲಿ ನಿಂತ ಇಂದಿರಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡರು.

ನಾಲ್ಕನೆಯ ದಿನ ಕೂಗು ಕೇಳಿಸಿತು. "ಅಜ್ಜೀ! ಹಕ್ಕಿ ಕಕ್ಕ ಚಲ್ ರಹೀ ಹೈ! ನಡೀತಾ ಇದೆ!"

ಹೋಗಿ ನೋಡಿದರೆ ಕರಿಬೇವಿನ ಎಲೆಯ ಮೇಲೆ ಥೇಟ್ ಹಕ್ಕಿಯ ಹಿಕ್ಕೆಯೇ, ಕಂದು ಬಿಳುಪು, ಒದ್ದೆ ಒದ್ದೆ. ಆದರೆ ಅದು ಎಲೆಯ ಅಂಚನ್ನು ಮೇಯುತ್ತಿತ್ತು. ಅದಿತಿ ಬೆರಳಲ್ಲಿ ಸವರಿದ್ದೇ ತಡ, ತಲೆಯ ಹಿಂದಿನಿಂದ ಎರಡು ಕೊಂಬು ಚಾಚಿತು. ಕೊಳೆತ ಹಣ್ಣಿನ ವಾಸನೆ ಗಪ್ಪೆಂದು ಹೊಡೆಯಿತು. ಇಂದಿರಮ್ಮನಿಗೆ ಮಧ್ಯಾಹ್ನದ ಸಾರಿನ ಒಗ್ಗರಣೆ ನೆನಪಾಯಿತು. ಅದೇ ಗಿಡದ ಎಸಳು. ಸರಿಯಾಗಿ ತೊಳೆದೆನೋ ಇಲ್ಲವೋ?

"ಛೀ! ಛೀ ಛೀ ಛೀ!" ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಎಲೆ ಕೊಡವಿ, ಹುಳವನ್ನು ಚಪ್ಪಲಿಯಲ್ಲಿ ಅರೆದುಬಿಟ್ಟರು. ಮಗುವಿನ ಕೈಯನ್ನು ಸೋಪು ಹಚ್ಚಿ ಮೂರು ಸಲ ಉಜ್ಜಿದರು. ಉಳಿದ ಸಾರನ್ನು ಚೆಲ್ಲಿದರು.

"ಚಿಟ್ಟೆ ಆಗ್ತಿತ್ತು ಕಣೇ ಅದು," ಎಂದರು ಬಾಗಿಲಲ್ಲಿ ನಿಂತಿದ್ದ ಇಂದುಶೇಖರ.

"ಆಗೋ ಹೊತ್ತಿಗೆ ಗಿಡ ಇರ್ತಿರ್ಲಿಲ್ಲ."

ಅಲ್ಲಿಂದ ಮುಂದೆ ಅದಿತಿ ಏನು ಮುಟ್ಟಲು ಹೋದರೂ ಕಿಟಕಿಯಿಂದ ಛೀ ಬೀಳುತ್ತಿತ್ತು. ತಿಂಗಳು ಕಳೆಯುವಷ್ಟರಲ್ಲಿ ಹುಡುಗಿ ತಾನಾಗಿಯೇ ಒಳಗೆ ಕೂತು ಟಿವಿ ನೋಡತೊಡಗಿದಳು. ಇಂದಿರಮ್ಮನಿಗೆ ಹಾಯೆನಿಸಿತು.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಮಳೆ ನಿಂತ ಮೇಲೆ ಹಿತ್ತಲಿನಿಂದ ಪಟಪಟ ಸದ್ದು. ಅದಿತಿ ಚಪ್ಪಲಿ ಹಿಡಿದು ಎರೆಹುಳುವನ್ನು ಬಡಿಯುತ್ತಿದ್ದಳು. ಫ್ರಾಕಿನ ಅಂಚನ್ನು ಬಾಯಿಗೆ ಒತ್ತಿಕೊಂಡು, ಮುಖ ಸಿಂಡರಿಸಿ, "ಛೀ! ಗಂದಾ! ಗಲೀಜು! ಛೀ ಛೀ!" ಎನ್ನುತ್ತಿದ್ದಳು. ಆಮೇಲೆ ಕಿಟಕಿಯತ್ತ ತಿರುಗಿ, ಜಾಣೆ ಅನ್ನಿಸಿಕೊಳ್ಳಲು ಕಾದು ನಿಂತಳು. ಅದು ಇಂದಿರಮ್ಮನದೇ ಮುಖ. ಐದು ವರ್ಷದ ಕೂಸಿನ ಮೇಲೆ ಅದು ಎಷ್ಟು ಅಸಹ್ಯವಾಗಿತ್ತೆಂದರೆ ಅವರಿಗೆ ನೋಡಲಾಗಲಿಲ್ಲ.

ಸಂಜೆ ಸಿಂಚನಾ ಸೋತ ಮುಖ ಹೊತ್ತು ಬಂದಳು. "ಸ್ಕೂಲಲ್ಲಿ ಆಯಾ ಕೈ ಹಿಡಿದ್ರೆ ಇವಳು ಛೀ ಅಂತ ಕೈ ಒರೆಸ್ಕೊಂಡ್ಲಂತೆ ಆಂಟಿ. ಆ ಹೆಂಗಸು ಅತ್ತುಬಿಟ್ಳಂತೆ. ನಮ್ಮನೇಲಿ ಯಾರೂ ಹಾಗೆ ಮಾತಾಡಲ್ಲ. ಎಲ್ಲಿಂದ ಕಲಿತ್ಲೋ ಗೊತ್ತಿಲ್ಲ."

ಗುಟ್ಕಾ ಉಗುಳು, ಚರಂಡಿ, ನೊಣ ಯಾವುದೂ ಇಂದಿರಮ್ಮನಿಗೆ ಎಂದೂ ತಂದಿರದ ವಾಕರಿಕೆ ಆಗ ಬಂತು. ಈ ಸಲ ತಮ್ಮ ಮೇಲೆಯೇ ಬಂತು. ಅವತ್ತು ಊಟ ಸೇರಲಿಲ್ಲ.

ಮಾರನೆಯ ದಿನ ಅದಿತಿಯ ಕೈ ಹಿಡಿದು ಗಿಡದ ಹತ್ತಿರ ಹೋದರು. ಎರಡು ಎಸಳು ಸರಿಸುವಷ್ಟರಲ್ಲಿ ಸಿಕ್ಕಿತು, ಅಂಥದೇ ಇನ್ನೊಂದು ಹುಳ. ಅದಿತಿ ಹಿಂದೆ ಸರಿದಳು. ಇಂದಿರಮ್ಮ ಬೆರಳು ಚಾಚಿದರು. ಹುಳ ತಣ್ಣಗೆ, ಜಿಗುಟಾಗಿ ಬೆರಳು ಹತ್ತಿತು. ಮೈಯೆಲ್ಲ ಜುಮ್ಮೆಂದಿತು. ಕೊಂಬು ಹೊರಬಂತು, ವಾಸನೆ ಬಂತು, ಗಂಟಲವರೆಗೆ ಏನೋ ಉಕ್ಕಿ ಬಂತು. ಅದನ್ನು ನುಂಗಿಕೊಂಡರು.

"ಗಂದಾ ಹೈ ನಾ, ಅಜ್ಜಿ?" ಅದಿತಿ ನೋಡುತ್ತಿದ್ದದ್ದು ಹುಳವನ್ನಲ್ಲ, ಅಜ್ಜಿಯ ಮುಖವನ್ನು.

"ಗಂದಾ ಅಲ್ಲ ಪುಟ್ಟಿ. ಅದಕ್ಕೆ ಹೆದರಿಕೆ ಆಗಿದೆ. ಹೆದರಿದ್ರೆ ಕೊಂಬು ತೋರಿಸುತ್ತೆ."

"ಮತ್ತೆ ನಿನ್ ಮೂಗು ಯಾಕೆ ಐಸಾ? ಯಾಕೆ ಹೀಗಿದೆ?"

ಎಷ್ಟು ಬಿಗಿಹಿಡಿದರೂ ಮೂಗು ಮಾತು ಕೇಳುತ್ತಿರಲಿಲ್ಲ. ಕಣ್ಣಲ್ಲಿ ನೀರು ತುಂಬಿತು. ಆದರೂ ಇಂದಿರಮ್ಮ ಕೈ ಕೊಡವಲಿಲ್ಲ. ಮಗುವಿನ ಬೆರಳಿನ ಪಕ್ಕಕ್ಕೆ ತಮ್ಮ ಬೆರಳು ತಂದಿಟ್ಟರು.

"ನನ್ನ ಮೂಗು ಕೆಟ್ಟುಹೋಗಿದೆ ಕಣೇ. ಅದನ್ನ ನೋಡ್ಬೇಡ. ನೀನು ಹುಳ ನೋಡು."