ಹದಿನೇಳನೇ ನಂಬರಿಗೆ ಹೆಸರು ಬೇಕು

ಬೆಳಗಿನ ಆರೂಕಾಲು. ಸಾಸ್ವೆಹಳ್ಳಿಯ ಹಾಲಿನ ಡೇರಿ ಮುಂದೆ ಕ್ಯಾನು, ತಂಬಿಗೆ ಹಿಡಿದ ಹೆಂಗಸರ ಸಾಲು. ಪಾತ್ರೆಯಿಲ್ಲದೆ ಪಕ್ಕದಲ್ಲಿ ನಿಂತವರು ಅಫ್ಶೀನ್. ಹಳ್ಳಿ ಹೆಂಗಸರ ಸುಖದುಃಖ ಅಧ್ಯಯನ ಮಾಡುವ ಸಂಶೋಧಕಿ. ಸಂಶೋಧಕಿ ಎಂದರೆ ಬಿಳಿ ಕೋಟು ಕಣ್ಣಿಗೆ ಬಂದರೆ ಬಿಟ್ಟುಬಿಡಿ. ಇವರ ಬಳಿ ಇರುವುದು ಒಂದು ಹಳೆಯ ಮೊಬೈಲು, ಅಂಗೈಯಗಲದ ಒಂದು ಸ್ಪೀಕರು. ಮನೆಗೆ ಹೋಗಿ ಕೇಳಿದರೆ ಗಂಡಂದಿರೇ ಉತ್ತರ ಕೊಡುತ್ತಾರೆ, ಅದಕ್ಕೇ ಡೇರಿ.

ಬಸವಾಪಟ್ಟಣದಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ಗೌಸ್‌ಪೀರ್ ಅವರ ಮಗಳು. ವಯಸ್ಸು ನಲವತ್ತಮೂರು. ಅಪ್ಪ ಬಿಚ್ಚಿಟ್ಟ ರೇಡಿಯೊ ಜೋಡಿಸುತ್ತ, ತಾಯಿ ದಿಲ್‌ಶಾದ್ ಬೇಗಂ ಹೊಲಿಗೆ ಯಂತ್ರ ತುಳಿಯುತ್ತ ಹೇಳಿದ ಕಥೆ ಕೇಳುತ್ತ ಬೆಳೆದವರು. ಚನ್ನಗಿರಿಯಲ್ಲಿ ಎಂಟು ವರ್ಷ ಅತಿಥಿ ಶಿಕ್ಷಕಿ, ಆಮೇಲೆ ಪಿಎಚ್.ಡಿ. ಈಗ ಹನ್ನೊಂದು ತಿಂಗಳ ಗುತ್ತಿಗೆ ಕೆಲಸ. ಇದು ಆರನೇ ಗುತ್ತಿಗೆ.

ಮೊದಲ ಅಧ್ಯಯನ ನೆಲ ಕಚ್ಚಿತು. ಜಗಳೂರು ಕಡೆ 214 ಹೆಂಗಸರ ಮುಂದೆ ಫಾರಂ ಹಿಡಿದು ಸುಖವಾಗಿದ್ದೀರಾ ಎಂದು ಕೇಳಿದರು. 209 ಮಂದಿ ಹೌದು ಎಂದರು.

“ಒಬ್ರು ಕಣ್ಣು ಒರೆಸ್ಕೊಂತಾನೇ ಆರಾಮಿದೀನಿ ಅಂದ್ರು ರೀ. ಯಾರು ಕೇಳಿದ್ರೂ ಆರಾಮ್ ಅನ್ನೋದು ನಮ್ಮ ರೂಢಿ, ನಾನೂ ಹಂಗೇ ಅಂತೀನಿ. ಅದನ್ನ ಸತ್ಯ ಅಂತ ಬರ್ಕೊಂಡೆ ನೋಡ್ರಿ, ನನ್ನ ದಡ್ಡತನ,” ಎನ್ನುತ್ತಾರೆ ಅಫ್ಶೀನ್.

ಆ ವರದಿಯನ್ನು ತಾವೇ ವಾಪಸು ಪಡೆದರು. ಒಂದು ವರ್ಷ ಕೆಲಸವಿಲ್ಲದೆ ಕೂತರು.

ಈಗ ಪ್ರಶ್ನೆ ಕೇಳುವುದಿಲ್ಲ. ರೆಕಾರ್ಡಿಂಗ್ ಹಚ್ಚಿದ ಮೊಬೈಲು ಕೈಗೆ ಕೊಟ್ಟು, ಮಕ್ಕಳಿಗೊಂದು ಕಥೆ ಕಟ್ಟಿ ಹೇಳಿ ಎನ್ನುತ್ತಾರೆ. ನಾಲ್ಕು ತಾಲ್ಲೂಕಿನ 46 ಹೆಂಗಸರು, ತಿಂಗಳಿಗೊಂದು ಕಥೆ. ಅದನ್ನು ಬೇರೊಂದು ಊರಿನ ಶಾಲೆಯಲ್ಲಿ ಸ್ಪೀಕರಿಗೆ ಹಾಕುತ್ತಾರೆ. ಮಕ್ಕಳು ಕೇಳಿ ಬರೆಯುತ್ತಾರೆ, ಚಿತ್ರ ಬಿಡಿಸುತ್ತಾರೆ. ಕಥೆ ಕಟ್ಟಿದವರ ಊಟ, ನಿದ್ದೆ, ನಾಲ್ಕು ಜನರ ಜೊತೆಗಿನ ಮಾತು ಸುಧಾರಿಸುತ್ತದೆಯೇ ಎಂದು ಅಫ್ಶೀನ್ ಎರಡು ವರ್ಷದಿಂದ ಗಮನಿಸುತ್ತಿದ್ದಾರೆ.

ತಕರಾರು ತೆಗೆದವರು ಅರವತ್ತು ದಾಟಿದ ಅಂಜಿನಮ್ಮ. ಕಳೆದ ತಿಂಗಳು ಇದೇ ಡೇರಿ ಮುಂದೆ ವರದಿಯ ಕರಡು ಓದಿ ಹೇಳಿದಾಗ ಅದರಲ್ಲಿ ಅವರ ಹೆಸರಿರಲಿಲ್ಲ, 17 ಎಂಬ ನಂಬರಿತ್ತು. ಹೆಸರು ಮುಚ್ಚಿಡಬೇಕೆಂಬುದು ವರದಿ ಒಪ್ಪುವ ಸಮಿತಿಯ ನಿಯಮ.

“ನಮ್ಮ ಎಮ್ಮೆ ಕಿವಿಗೂ ನಂಬರ್ ಹೊಡ್ದು ಹೋಗ್ಯಾರೆ ಮೇಡಮ್ಮಾರೆ,” ಎಂದರು ಅಂಜಿನಮ್ಮ. “ಅದು ಕಥೆ ಹೇಳ್ತೈತಾ?”

ಸಾಲಿನಲ್ಲಿದ್ದವರೆಲ್ಲ ನಕ್ಕರು. ಅಫ್ಶೀನ್‌ಗೆ ಆ ರಾತ್ರಿ ನಿದ್ದೆ ಕೆಟ್ಟಿತು.

ನಿಯಮ ಸುಮ್ಮನೆ ಹುಟ್ಟಿದ್ದಲ್ಲ. ನ್ಯಾಮತಿಯ ಸೊಸೆಯೊಬ್ಬರ ಕಥೆಯಲ್ಲಿ ಅತ್ತೆ ನರಿಯಾಗಿ ಬರುತ್ತಾಳೆ. ಹೆಸರು ಬಿದ್ದರೆ ಆ ಸೊಸೆಗೆ ಮನೆಯಲ್ಲಿ ಉಳಿಗಾಲವಿಲ್ಲ. ಹಾಗಾಗಿ ಅಫ್ಶೀನ್ ಒಬ್ಬೊಬ್ಬರನ್ನೇ ಕಂಡು ಕೇಳಿದ್ದಾರೆ. 31 ಮಂದಿಗೆ ಹೆಸರು ಬೇಕು, 14 ಮಂದಿಗೆ ನಂಬರೇ ಸಾಕು. ಉಳಿದವರು ಅಂಜಿನಮ್ಮ. ಅವರ ಕಥೆಯಲ್ಲಿ ಹುಂಜವೊಂದು ತನ್ನ ತಾಯಿಕೋಳಿಯನ್ನು ದಿನಾ ನೋಡಿಯೂ ನೋಡದಂತೆ ಅಂಗಳ ದಾಟುತ್ತದೆ. ಮಗ ಭೀಮೇಶ್ ಒಂದೇ ಮನೆಯಲ್ಲಿದ್ದೂ ತಾಯಿಯ ಜೊತೆ ಮಾತು ಬಿಟ್ಟು ಎರಡು ವರ್ಷ.

ಹಾಲು ಅಳೆಸಿ ಬಂದ ಅಂಜಿನಮ್ಮನನ್ನು ಅಫ್ಶೀನ್ ಪಕ್ಕಕ್ಕೆ ಕರೆಯುತ್ತಾರೆ.

“ಹೆಸರು ಹಾಕಿದ್ರೆ ಭೀಮೇಶ ಓದ್ತಾನೆ ಅಕ್ಕ. ಯೋಚ್ನೆ ಮಾಡ್ರಿ.”

“ಓದ್ಲಿ. ಹಂಗಾದ್ರೂ ಗೊತ್ತಾಗ್ಲಿ.”

ವರದಿ ಕಳಿಸಲು ಸೋಮವಾರವೇ ಕೊನೆ. ಹೆಸರಿದ್ದರೆ ಒಪ್ಪುವುದು ಕಷ್ಟವೆಂದು ಸಮಿತಿ ಮೊದಲೇ ಹೇಳಿದೆ. ಒಪ್ಪದಿದ್ದರೆ ಏಳನೇ ಗುತ್ತಿಗೆಯಿಲ್ಲ. ಅಫ್ಶೀನ್ ಡೇರಿಯ ಕಟ್ಟೆಯ ಮೇಲೆ ಕೂತು 17 ಹೊಡೆದು ಹಾಕಿ, ಆ 31 ಹೆಸರುಗಳ ಜೊತೆಗೆ ಅಂಜಿನಮ್ಮನ ಹೆಸರನ್ನೂ ಬರೆಯುತ್ತಾರೆ.

“ಕೆಲ್ಸ ಹೋದ್ರೆ ಮತ್ತೆ ಪಾಠ ಹೇಳಾಕೆ ಹೋಗ್ತೀನಿ. ಅಂಜಿನಮ್ಮಕ್ಕಗೆ ಓದಾಕೆ ಬರಲ್ಲ ರೀ. ಅಚ್ಚಾದ್ಮೇಲೆ ಆ ಪುಟ ತೆಗ್ದು, ಅವರ ಬೆರಳು ಹಿಡ್ದು, ನೋಡಕ್ಕ ಇಲ್ಲೈತೆ ಅಂತ ಹೆಸರಿನ ಮೇಲೆ ಇಡಬೇಕು. ನನಗೆ ಅಷ್ಟು ಸಾಕು.”